ರಾತ್ರಿ ಎರಡು ಗಂಟೆಗೆ ಬಂದ ನೋವು
13 ನವೆಂಬರ್ 2024, ಬುಧವಾರ, ಮೈಸೂರು

ನಿನ್ನೆ ಬೆಳಿಗ್ಗೆ ಅಮ್ಮನಿಗೆ ಎಡಗಡೆ ಸೊಂಟದ ಕೀಲು ಬದಲಾಯಿಸಿದರು. ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಕೆಲವೇ ಗಂಟೆಯಲ್ಲಿ ಇಳಿಯುತ್ತದೆ. ಆಮೇಲಿನ ನೋವಿಗೆ ಏನು ಗತಿ ಅನ್ನೋದೇ ನನ್ನ ಚಿಂತೆ. ಸೋದರತ್ತೆಗೆ ಇದೇ ಆಪರೇಷನ್ ಆದಾಗ ನೋವಿನ ಮದ್ದು ಮಾರ್ಫಿನ್ ಜಾಸ್ತಿಯಾಗಿ ಎರಡು ದಿನ ವಾಂತಿ, ನಮ್ಮ ಗುರುತೇ ಸಿಕ್ಕಿರಲಿಲ್ಲ.

ಅನಸ್ತೇಷಿಯಾ ಡಾಕ್ಟರ್ ಸಮಾಧಾನವಾಗಿ ಹೇಳಿದ್ದರು, 'ಪೆಂಗ್ ಬ್ಲಾಕ್ ಕೊಡ್ತೀವಿ'. ಬ್ಲಾಕ್ ಅಂದರೆ ನರದ ಹತ್ತಿರ ಮದ್ದು ಬಿಟ್ಟು ನೋವು ಗೊತ್ತಾಗದಂತೆ ಮಾಡುವ ಇಂಜೆಕ್ಷನ್. 2018ರಲ್ಲಿ ಟೊರಾಂಟೊದ ಡಾಕ್ಟರುಗಳು ಸೊಂಟದ ಮೂಳೆ ಮುರಿದವರಿಗೆ ಕೊಟ್ಟು ವಿವರಿಸಿದ್ದು ಇದು. ತೊಡೆಯ ದೊಡ್ಡ ನರಕ್ಕೇ ಮದ್ದು ಕೊಟ್ಟರೆ ನೋವಿನ ಜೊತೆ ಕಾಲಿನ ಬಲವೂ ಹೋಗುತ್ತದೆ, ನಿಂತರೆ ಬೀಳುವ ಭಯ. ಪೆಂಗ್‌ನಲ್ಲಿ ಅಲ್ಟ್ರಾಸೌಂಡ್ ನೋಡುತ್ತಾ ಕೀಲಿನ ಮುಂಭಾಗಕ್ಕೆ ಹೋಗುವ ನರದ ಸಣ್ಣ ಕವಲುಗಳ ಹತ್ತಿರ ಸುಮಾರು 20 ಎಂಎಲ್ ಮದ್ದು ಬಿಡುತ್ತಾರೆ. ಕಾಲಿನ ಬಲ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ಸಂಜೆ ಐದಕ್ಕೆ 'ಬೆರಳು ಆಡಿಸಿ ನೋಡೋಣಮ್ಮ' ಅಂದರು ಫಿಸಿಯೋ. ಕಾಲುಂಗುರ ತೆಗೆದ ಜಾಗದಲ್ಲಿ ಬಿಳಿ ಗುರುತು. ಆ ಬೆರಳು ಮೆಲ್ಲಗೆ ಮಡಚಿತು. ಆಮೇಲೆ ವಾಕರ್ ಹಿಡಿದು ನಾಲ್ಕು ಹೆಜ್ಜೆ. 'ನೋವೇ ಇಲ್ವಲ್ಲೋ ಮಗಾ' ಅಂದಳು. ನನಗೆ ಕಣ್ಣು ತುಂಬಿ ಬಂತು.

ಅದೇ ಖುಷಿಯಲ್ಲಿ ತಪ್ಪು ಮಾಡಿದೆವು. ರಾತ್ರಿ ಹತ್ತರ ಮಾತ್ರೆ ಬಂದಾಗ 'ನೋವಿಲ್ಲ, ಸುಮ್ನೆ ಯಾಕೆ?' ಅಂದಳು ಅಮ್ಮ. ನಾನೂ ಹೂಂ ಅಂದೆ. ಎರಡು ಗಂಟೆಗೆ ಮಂಚದ ಕಂಬಿ ಅಲ್ಲಾಡಿದ ಸದ್ದಿಗೆ ಎಚ್ಚರವಾಯಿತು. ಅಮ್ಮ ಅದನ್ನು ಬಿಗಿಯಾಗಿ ಹಿಡಿದಿದ್ದಳು, ಹಣೆಯೆಲ್ಲ ಬೆವರು. ಸಿಸ್ಟರ್ ಓಡಿ ಬಂದು ಡ್ರಿಪ್‌ನಲ್ಲಿ ಪ್ಯಾರಸಿಟಮಾಲ್, ಇನ್ನೊಂದು ಇಂಜೆಕ್ಷನ್ ಕೊಟ್ಟರು. ನೋವು ಹತೋಟಿಗೆ ಬರುವಾಗ ನಾಲ್ಕು ಗಂಟೆ.

ಬೆಳಿಗ್ಗೆ ಡಾಕ್ಟರ್ ಬಿಡಿಸಿ ಹೇಳಿದರು. ಕೀಲಿನ ಹಿಂಭಾಗಕ್ಕೆ, ಪಕ್ಕದ ಚರ್ಮದ ಗಾಯಕ್ಕೆ ಈ ಬ್ಲಾಕ್ ಮುಟ್ಟುವುದಿಲ್ಲ. ಮುಟ್ಟಿದ ಕಡೆಯೂ ಮದ್ದು ಇಳಿದಾಗ ಕೆಲವರಿಗೆ ನೋವು ಒಮ್ಮೆಗೇ ಏರುತ್ತದೆ. ಅದಕ್ಕೇ ಮಾತ್ರೆ ಮೊದಲೇ ಹೊಟ್ಟೆಯಲ್ಲಿರಬೇಕು. ನಿಮ್ಮ ಮನೆಯವರಿಗೂ ಬ್ಲಾಕ್ ಕೊಟ್ಟರೆ ಎಷ್ಟು ಹೊತ್ತಿಗೆ ಇಳಿಯಬಹುದು ಅಂತ ಕೇಳಿ ಬರೆದಿಟ್ಟುಕೊಳ್ಳಿ, ನೋವಿಲ್ಲದಿದ್ದರೂ ಆ ಹೊತ್ತಿನ ಮಾತ್ರೆ ಬಿಡಬೇಡಿ.

ಇವತ್ತು ಹತ್ತಕ್ಕೆ ಅಲಾರಂ ಇಟ್ಟಿದ್ದೆ. ಅಮ್ಮ ತಾನೇ ಕೈ ಚಾಚಿ ಮಾತ್ರೆ ಇಸ್ಕೊಂಡಳು. ಈಗ ಹನ್ನೊಂದೂವರೆ, ಗೊರಕೆ ಕೇಳ್ತಿದೆ.