ರಿಂಗ್ಸ್‌ನಲ್ಲಿ ಎಳೆತ: ಮೊಣಕೈ ಕಲಿಸಿದ್ದು

ಹಾರ್ಡ್ ಸ್ಪಾರಿಂಗ್, ಅಂದರೆ ಜೋರಾದ ಅಭ್ಯಾಸದ ಕಾಳಗ, ಮುಗಿದ ಕೂಡಲೇ ರಿಂಗ್ಸ್ (ಸ್ಟ್ರಾಪ್‌ನಲ್ಲಿ ತೂಗುವ ಜಿಮ್ನಾಸ್ಟಿಕ್ಸ್ ಬಳೆಗಳು) ಮುಟ್ಟಬಾರದು ಎಂದು ನಮ್ಮ ಫೈಟರ್‌ಗಳ ತಂಡದಲ್ಲಿ ಈಗ ನಿಯಮವಿದೆ. ಹುಡುಗರು ಗೊಣಗುತ್ತಾರೆ. ಆದರೂ ನಾನು ಸಡಿಲ ಬಿಡುವುದಿಲ್ಲ.

ರೌಂಡ್ಸ್ ಆದ ಮೇಲೆ ಮಸಲ್-ಅಪ್ (ನೇತಾಡುವಲ್ಲಿಂದ ಎಳೆದು, ರಿಂಗ್ಸ್ ಮೇಲಕ್ಕೇರಿ ಕೈ ನೀಟಿ ನಿಲ್ಲುವುದು) ವಿಡಿಯೊ ಬೇಕು ಎಂದು ಅವತ್ತು ಮ್ಯಾನೇಜ್‌ಮೆಂಟ್ ಹೇಳಿ ಕಳಿಸಿತ್ತು. ತಂಡದಲ್ಲಿ ಎಲ್ಲರಿಗಿಂತ ಗಟ್ಟಿ ಎಳೆತವಿದ್ದ ಹುಡುಗ ಮುಂದೆ ಬಂದ. ಗಿ (ಜೂಡೋ, ಜಿಯುಜಿಟ್ಸುವಿನ ದಪ್ಪ ಉಡುಪು) ಹಾಕಿಕೊಂಡು ಕಾಲರ್, ತೋಳು ಹಿಡಿದು ಅಷ್ಟು ಹೊತ್ತು ಜಗ್ಗಾಡಿದ್ದ. ಬಾರ್ ಮೇಲೆ ಸಲೀಸಾಗಿ ಪುಲ್-ಅಪ್ ಹೊಡೆಯುವವನು, ಇದೂ ಆಗುತ್ತದೆ ಅಂದುಕೊಂಡೆ. ಅವನ ಬೆನ್ನಿನ ಬಲ ಲೆಕ್ಕ ಹಾಕಿದ್ದೆ, ಬೆರಳುಗಳು ಆಗಲೇ ಎಷ್ಟು ದುಡಿದಿವೆ ಎಂದು ಯೋಚಿಸಲಿಲ್ಲ.

ಮಸಲ್-ಅಪ್‌ಗೆ ಹಿಡಿಯುವ ಫಾಲ್ಸ್ ಗ್ರಿಪ್‌ನಲ್ಲಿ ಮಣಿಕಟ್ಟು ಒಳಕ್ಕೆ ಮಡಿಚಿರುತ್ತದೆ, ಕಿರುಬೆರಳ ಕಡೆಯ ಅಂಗೈ ಬುಡ ರಿಂಗ್ ಮೇಲೆ ಕೂತಿರುತ್ತದೆ. ಮಣಿಕಟ್ಟನ್ನು ಹಾಗೆ ಮಡಿಸಿ ಹಿಡಿಯುವ ಸ್ನಾಯುಗಳು ಶುರುವಾಗುವುದೇ ಮೊಣಕೈಯ ಒಳಗಡೆಯ ಮೂಳೆಯಿಂದ. ಗಿ ಹಿಡಿದು ದಣಿಯುವುದೂ ಬಹುಪಾಲು ಅವೇ.

ಮೊದಲ ಎಳೆತಕ್ಕೇ ರಿಂಗ್ಸ್ ಎದೆಯ ಮಟ್ಟಕ್ಕೆ ಬಂದವು. ಎಳೆತ ಮುಗಿದು ಡಿಪ್ (ಕೈಯೊತ್ತಿ ಮೈ ಮೇಲೆತ್ತುವುದು) ಶುರುವಾಗಬೇಕಾದ ಆ ಅರ್ಧ ಗೇಣು ಜಾಗದಲ್ಲಿ ಸಿಕ್ಕಿಹಾಕಿಕೊಂಡ. ಬಲ ಮೊಣಕೈ ಮೇಲೆ ಹೋಯಿತು, ಎಡದ್ದು ಕೆಳಗೇ ಉಳಿಯಿತು. ಎಡ ರಿಂಗ್ ಪಕ್ಕೆಯಿಂದ ಹೊರಕ್ಕೆ ಸರಿಯತೊಡಗಿತು, ಸ್ಟ್ರಾಪ್ ಗಡಗಡ ನಡುಗುತ್ತಿತ್ತು. 'ಬಿಡು, ಇಳಿ' ಎಂದು ಕೂಗಿದೆ. ಬಿಡಲಿಲ್ಲ. ಹಿಡಿತ ಬಿಟ್ಟವನು ಸೋತ ಎಂದು ನಾವೇ ಕಲಿಸಿದ ಹುಡುಗ ಹೇಗೆ ಬಿಟ್ಟಾನು? ಓಡಿ ಹೋಗಿ ಸೊಂಟಕ್ಕೆ ಕೈ ಹಾಕಿ ಅವನ ಭಾರ ಎತ್ತಿ ಹಿಡಿದೆ. 'ಬಿಟ್ಟಿದ್ದೀನಿ ಸರ್' ಅಂದ. ಎಡಗೈ ಬೆರಳುಗಳು ಇನ್ನೂ ರಿಂಗ್ ಸುತ್ತ ಬಿಗಿದೇ ಇದ್ದವು. ಇನ್ನೊಬ್ಬ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಮೊಣಕೈಯ ಒಳಗಡೆ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ) ನೋವು ಹಿಡಿಯಿತು. ಕಾಲರ್ ಹಿಡಿಯಲು ಆಗಲಿಲ್ಲ, ಪಂದ್ಯ ತಪ್ಪಿತು. ಅವನ ಮುಖ ಎದುರಿಸುವುದು ನನಗೆ ಬಹಳ ದಿನ ಕಷ್ಟವಾಯಿತು.

ಸ್ನಾಯು ಬೇಗ ಬಲಿಯುತ್ತದೆ, ಟೆಂಡನ್ ನಿಧಾನ. ಹಾಗಾಗಿ ತಂಡದ ಗಟ್ಟಿಗನ ಮೇಲೇ ಹೆಚ್ಚು ಕಣ್ಣಿಡಬೇಕು. ಅವನ ಬೆನ್ನು ಎಳೆಯಬಲ್ಲಷ್ಟು ಭಾರವನ್ನು ಮೊಣಕೈ ಇನ್ನೂ ತಡೆಯಲಾರದು.

ಈಗ ರಿಂಗ್ಸ್ ಎದೆಯ ಎತ್ತರಕ್ಕೆ ಇಳಿದಿವೆ. ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ ನೆಲದಿಂದ 2.8 ಮೀಟರ್ ಎತ್ತರಕ್ಕೆ ಕಟ್ಟುತ್ತಾರೆ, ಫೈಟರ್‌ಗೆ ಅದರ ಅಗತ್ಯವಿಲ್ಲ. ಮೊದಲ ಕೆಲಸ ರಿಂಗ್ ರೋ, ಅಂದರೆ ಕಾಲು ನೆಲದಲ್ಲಿಟ್ಟು ಹಿಂದಕ್ಕೆ ವಾಲಿ ಎದೆಯನ್ನು ರಿಂಗ್ಸ್ ಕಡೆಗೆ ಎಳೆಯುವುದು. ಅಂಗೈ ನೆಲ ನೋಡುವಂತೆ ಹಿಡಿದು ಶುರು, ಎಳೆಯುತ್ತಾ ಕೈ ತಾನಾಗಿ ತಿರುಗಿ ಅಂಗೈಗಳು ಒಂದಕ್ಕೊಂದು ಎದುರಾಗುತ್ತವೆ. ಬಾರ್ ಮುಂಗೈಯನ್ನು ಒಂದೇ ಕೋನದಲ್ಲಿ ಕಟ್ಟಿಹಾಕುತ್ತದೆ, ರಿಂಗ್ ಅದಕ್ಕೆ ಬೇಕಾದ ಹಾಗೆ ತಿರುಗಲು ಬಿಡುತ್ತದೆ. ಮಿತಿಯಲ್ಲಿ ಮಾಡಿದರೆ ಹಲವರ ಮೊಣಕೈಗೆ ಬಾರ್‌ಗಿಂತ ಇದೇ ಹಿತ. ಕಷ್ಟ ಹೆಚ್ಚಿಸಬೇಕೆಂದರೆ ಕಾಲು ಒಂದು ಹೆಜ್ಜೆ ಮುಂದಕ್ಕಿಟ್ಟರೆ ಸಾಕು, ದೇಹ ಇನ್ನಷ್ಟು ಅಡ್ಡವಾಗುತ್ತದೆ.

ನಮಗೆ ನಿಜವಾಗಿ ಬೇಕಿರುವುದು ಹೋಲ್ಡ್, ಅಂದರೆ ಎಳೆದಲ್ಲೇ ಅಲುಗದೆ ಹಿಡಿದಿರುವುದು. ಬಾಡಿ ಲಾಕ್ (ಎದುರಾಳಿಯ ಮೈ ಬಳಸಿ ಹಿಡಿಯುವುದು) ಇರಲಿ, ಅಂಡರ್‌ಹುಕ್ (ಅವನ ಕಂಕುಳಡಿ ಕೈ ತೂರಿಸುವುದು) ಇರಲಿ, ಕಾಲರ್ ಟೈ (ಕತ್ತಿನ ಹಿಂಭಾಗ ಹಿಡಿಯುವುದು) ಇರಲಿ, ಮೊಣಕೈ ಮಡಿಚಿ ಪಕ್ಕೆಗೆ ಒತ್ತಿ ಹಿಡಿದಿರುತ್ತೀರಿ, ಎದುರಾಳಿ ಅದನ್ನು ಕೀಳಲು ನೋಡುತ್ತಾನೆ. ಅದಕ್ಕೇ ರೋ ಮೇಲ್ತುದಿಯಲ್ಲಿ, ರಿಂಗ್ ಪಕ್ಕೆಲುಬಿಗೆ ತಾಗುವಲ್ಲಿ ನಿಲ್ಲಿಸುತ್ತೇನೆ. ಆಮೇಲೆ ಮೊಣಕೈ 90 ಡಿಗ್ರಿಯಲ್ಲಿ. ಉಸಿರು ಕಟ್ಟಿದರೆ ಆ ಹೋಲ್ಡ್ ಲೆಕ್ಕಕ್ಕಿಲ್ಲ. ಅಭ್ಯಾಸವಾದವರಿಗೆ ಪಾರ್ಟ್ನರ್ ಸ್ಟ್ರಾಪನ್ನು ಪಕ್ಕಕ್ಕೆ ಮೆಲ್ಲಗೆ ಜಗ್ಗುತ್ತಾನೆ. ಅಲುಗಾಡದ ಭುಜ ಯಾರದು ಎಂದು ಆಗ ಗೊತ್ತಾಗುತ್ತದೆ. ಇಳಿಯುವಾಗ ಐದು ಸೆಕೆಂಡ್, ಕೊನೆಯಲ್ಲಿ ಭುಜದ ಹಲಗೆ ಮುಂದಕ್ಕೆ ಜಾರಲು ಬಿಡಬೇಕು. ನಡುವೆ ಯಾವಾಗ ಬೇಕಾದರೂ 'ಬಿಡು' ಅನ್ನುತ್ತೇನೆ, ಆ ಕ್ಷಣವೇ ಕೈ ಬಿಟ್ಟು ನಿಲ್ಲಬೇಕು.

ರಿಂಗ್‌ಗೆ ಗಿ ತೂರಿಸಿ ನೇತಾಡುವುದು ಒಳ್ಳೆಯ ಕಸರತ್ತು, ಗಿ ರೌಂಡ್ಸ್ ಇಲ್ಲದ ದಿನ ಮಾತ್ರ. ಫ್ರಂಟ್ ಲೀವರ್ (ನೇತಾಡುತ್ತಾ ಇಡೀ ದೇಹವನ್ನು ನೆಲಕ್ಕೆ ಸಮಾಂತರ ಹಿಡಿಯುವುದು) ಕೇಳುವವರಿಗೆ ಪಂದ್ಯ ಮುಗಿಯಲಿ ಅನ್ನುತ್ತೇನೆ. ಮಸಲ್-ಅಪ್ ಬೇಕೆಂದರೆ ಫಾಲ್ಸ್ ಗ್ರಿಪ್‌ನಲ್ಲಿ ಕಾಲು ನೆಲಕ್ಕೆ ತಾಗಿಸಿಕೊಂಡು ನಿಧಾನ ಇಳಿದು ತೋರಿಸಬೇಕು.

ಎರಡು ತಕರಾರು ಇನ್ನೂ ಉಳಿದಿವೆ. ನಮಗೆ ಕೊಡಿಸಿದ ಸ್ಟ್ರಾಪ್‌ಗಳ ಮೇಲೆ ಅಳತೆಯ ಗುರುತಿಲ್ಲ, ಪ್ರತಿ ಸಲ ಒಂದು ಬದಿ ತಗ್ಗಿರುತ್ತದೆ. ಕೊನೆಗೆ ನಾನೇ ಮಾರ್ಕರ್ ತಂದು ಗೆರೆ ಎಳೆದೆ. ಇನ್ನೊಂದು, ವರ್ಕೌಟ್ ತುಂಬುವ ಆ್ಯಪ್‌ನಲ್ಲಿ ರೆಪ್ಸ್ (ಎಷ್ಟು ಸಲ ಮಾಡಿದರು ಎಂಬ ಲೆಕ್ಕ) ಬರೆಯಲು ಮಾತ್ರ ಜಾಗವಿದೆ. ಹೋಲ್ಡ್ ಮಾಡಿದವರ ಸೆಷನ್ ಸೊನ್ನೆ ಎಂದು ತೋರಿಸುತ್ತದೆ, ತಿಂಗಳ ಮೀಟಿಂಗ್‌ನಲ್ಲಿ ಅದೇ ಸೊನ್ನೆ ಇಟ್ಟುಕೊಂಡು ನನ್ನನ್ನು ಪ್ರಶ್ನೆ ಕೇಳುತ್ತಾರೆ. ಸೆಕೆಂಡ್‌ಗೊಂದು ಕಾಲಂ ಹಾಕಿಕೊಡಿ ಎಂದು ಕೇಳುತ್ತಲೇ ಇದ್ದೇನೆ.