ಮತ ಹಾಕಿದ ಮೇಲಿನ ನಾಲ್ಕು ವಾರ

ಕಲಬುರಗಿಯಲ್ಲಿ ಮತದಾನ ನಡೆದದ್ದು 2024ರ ಮೇ 7ರಂದು, ಎಣಿಕೆ ಜೂನ್ 4ರಂದು. ನಡುವಿನ ನಾಲ್ಕು ವಾರ ನಾವು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ದೇಶದಲ್ಲಿ ಮಾತ್ರ ಇನ್ನೂ ನಾಲ್ಕು ಹಂತಗಳ ಮತದಾನ ಬಾಕಿ ಇತ್ತು. ಭಾಷಣಗಳು ದಿನದಿಂದ ದಿನಕ್ಕೆ ಬಿರುಸಾಗುತ್ತಿದ್ದವು. ಹೊರಗೆ ನಲವತ್ತು ದಾಟಿದ ಬಿಸಿಲು, ಶಾಲೆಗೆ ರಜೆ. ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ಕುಳಿತರೆ ಕೈಯಲ್ಲಿ ಮೊಬೈಲ್. ರಾತ್ರಿ ಮೂರಕ್ಕೆ ಎಚ್ಚರವಾದರೂ ಅದೇ ಮೊಬೈಲ್. ಎದೆ ಡವಡವ ಎನ್ನುತ್ತಿತ್ತು.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಯಾವ ಪಕ್ಷದ ಪರವಾಗಿಯೂ ವಿರೋಧವಾಗಿಯೂ ನಾನು ಮಾತನಾಡುವಂತಿಲ್ಲ. ಆ ನಿಯಮ ಸರಿ ಎಂದೇ ನಂಬಿದವಳು ನಾನು. ಮಕ್ಕಳು ಎಲ್ಲ ಮನೆಗಳಿಂದಲೂ ಬರುತ್ತಾರೆ. ಆದರೆ ಹೇಳಿಕೊಳ್ಳಲಾಗದ ಆತಂಕ ಒಳಗೊಳಗೇ ಬೆಳೆಯುತ್ತದೆ ಎನ್ನುವುದನ್ನು ಈ ಬೇಸಿಗೆಯಲ್ಲಿ ಕಂಡುಕೊಂಡೆ.

ಅದು ಶುರುವಾದದ್ದು ಮಾರ್ಚ್‌ನಲ್ಲಿ. ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಹೊರಬಿದ್ದ ವಾರ ಅದು. ಏಳನೆಯ ತರಗತಿಯ ಹುಡುಗನೊಬ್ಬ, ದರ್ಗಾದ ಕಡೆಯಿಂದ ಬರುವವನು, ಎಲ್ಲರೂ ಹೊರಗೆ ಹೋಗುವವರೆಗೆ ಕಾದು ನನ್ನ ಮೇಜಿನ ಹತ್ತಿರ ಬಂದ. "ಟೀಚರ್, ಚುನಾವಣೆ ಮುಗಿದ ಮೇಲೆ ನಮ್ಮನ್ನು ಇಲ್ಲಿಂದ ಕಳಿಸಿಬಿಡುತ್ತಾರಂತೆ, ನಿಜವೇ?" ಎಂದ. ಇಲ್ಲ ಎಂದೆ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನಾವೆಲ್ಲ ಸೇರಿ ಸಂವಿಧಾನದ ಪೀಠಿಕೆ ಓದುತ್ತೇವಲ್ಲ, ಅದರಲ್ಲಿರುವ 'ನಾವು' ಎಂಬುದರಲ್ಲಿ ನೀನೂ ಇದ್ದೀಯ ಎಂದೆ. ಅವನು ತಲೆಯಾಡಿಸಿ ಹೋದ. ನನ್ನ ಕೈಯಲ್ಲಿಲ್ಲದ ವಿಷಯಕ್ಕೆ ಮಗುವಿಗೆ ಮಾತು ಕೊಟ್ಟಂತಾಯಿತು. ಅಂದಿನಿಂದ ಟಿವಿಯಲ್ಲಿ ಬಂದ ಪ್ರತಿ ಭಾಷಣವನ್ನೂ ಆ ಹುಡುಗನ ಕಿವಿಯಿಂದ ಕೇಳಿಸಿಕೊಂಡೆ.

ನಮ್ಮ ಓಣಿಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಹಿಂದಿನ ವರ್ಷ ಮಳೆ ಕೈಕೊಟ್ಟ ಮೇಲೆ ಆಕೆಯ ಗಂಡ, ಮಗ ಇಬ್ಬರೂ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಗುಳೆ ಹೋಗಿದ್ದಾರೆ. ಚುನಾವಣೆಯ ಮಾತು ತೆಗೆದರೆ ಆಕೆಯದು ಒಂದೇ ಉತ್ತರ: "ಯಾರು ಬಂದರೂ ನಾನು ನಸುಕಿನಲ್ಲಿ ಎದ್ದು ಹಿಟ್ಟು ನಾದುವುದು ತಪ್ಪುವುದಿಲ್ಲ ಅಕ್ಕಾ." ಮನೆಗೆ ಹೋದಾಗ ನನ್ನ ಅಪ್ಪನೂ ಸುಮಾರಾಗಿ ಇದನ್ನೇ ಹೇಳಿದರು. ಅಪ್ಪ ನಿಜಾಮನ ಆಳ್ವಿಕೆಯಲ್ಲಿ ಹುಟ್ಟಿದವರು. ನಿಜಾಮನ ಪರ ನಿಂತ ರಜಾಕಾರರ ಪಡೆಯ ಹಾವಳಿಯ ಕಾಲದಲ್ಲಿ ಮನೆ ಬಿಟ್ಟು ಗಡಿಯಾಚೆಯ ಅಕ್ಕಲಕೋಟೆಯ ನೆಂಟರಲ್ಲಿ ತಲೆಮರೆಸಿಕೊಂಡಿದ್ದ ನೆನಪು ಅವರಿಗೆ ಇನ್ನೂ ಹಸಿಯಾಗಿದೆ. ನನಗೆ ಆತಂಕ, ಅವರಿಬ್ಬರಿಗೆ ನಿರಾಸೆ. ಯಾವುದು ಹೆಚ್ಚು ಭಾರವೋ ತಿಳಿಯದು. ನಿರಾಸೆಯವರು ರಾತ್ರಿ ನಿದ್ದೆಯನ್ನಾದರೂ ಮಾಡುತ್ತಿದ್ದರು.

ಆದರೆ ಅದೇ ರೊಟ್ಟಿಯವಳು ಏಪ್ರಿಲ್ ಕೊನೆಯಲ್ಲಿ ಮಗನಿಗೆ ದಿನವೂ ಫೋನ್ ಮಾಡಿ ರೈಲು ಹತ್ತು ಎಂದು ಗದರಿಸುತ್ತಿದ್ದಳು. ಏನೂ ಬದಲಾಗುವುದಿಲ್ಲ ಎನ್ನುವವಳು ಮಗನ ನಾಲ್ಕು ದಿನದ ಕೂಲಿ ಕಳೆದು ಯಾಕೆ ಕರೆಸುತ್ತೀ ಎಂದು ಕೇಳಿದೆ. "ಬಂದು ಹಾಕದಿದ್ದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ನೀನು ಈ ಊರಿನವನೇ ಅಲ್ಲ ಎನ್ನುತ್ತಾರೆ" ಎಂದಳು. ಒಮ್ಮೆ ಮತ ಹಾಕದ ಮಾತ್ರಕ್ಕೆ ಹೆಸರು ತೆಗೆಯುವುದಿಲ್ಲ ಎಂದು ಹೇಳಿದೆ. ಆಕೆ ನಂಬಲಿಲ್ಲ. ನಿರಾಸೆಯ ಮಾತಾಡುವ ಅಪ್ಪನೂ ಮತ ಬಿಡಲಿಲ್ಲ. ಎಂಬತ್ತೈದು ದಾಟಿದವರು ಮನೆಯಿಂದಲೇ ಮತ ಹಾಕಲು ಈ ಬಾರಿ ನಮೂನೆ 12ಡಿ ಇತ್ತು. ಸಿಬ್ಬಂದಿ ಮನೆಗೆ ಬರುವ ದಿನ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಏಳಲಿಲ್ಲ.

ಮತದಾನದ ದಿನ ನನಗೆ ಜೇವರ್ಗಿ ಕಡೆಯ ಹಳ್ಳಿಯೊಂದರಲ್ಲಿ ಕರ್ತವ್ಯ. ಹಿಂದಿನ ದಿನವೇ ಯಂತ್ರಗಳೊಂದಿಗೆ ಬಸ್ಸಿನಲ್ಲಿ ಹೋಗಿ ಮತಗಟ್ಟೆಯಾಗಿದ್ದ ಶಾಲೆಯಲ್ಲೇ ಮಲಗಿದೆವು. ಬೆಳಿಗ್ಗೆ ಐದೂವರೆಗೆ ಅಭ್ಯರ್ಥಿಗಳ ಏಜೆಂಟರ ಎದುರು ಅಣಕು ಮತದಾನ: ಕನಿಷ್ಠ 50 ಮತ ಹಾಕಿ, ಎಣಿಸಿ ತೋರಿಸಿ, ಯಂತ್ರ ಖಾಲಿ ಮಾಡಿ, ಮೊಹರು ಹಾಕಬೇಕು. ಏಳಕ್ಕೆ ಬಾಗಿಲು ತೆರೆದಾಗ ಅಂಗಳದಲ್ಲಿ ಸಾಲು ನಿಂತಾಗಿತ್ತು. ನಾನು ಮೊದಲನೆಯ ಮತಗಟ್ಟೆ ಅಧಿಕಾರಿ. ಬಂದವರ ಗುರುತು ನೋಡಿ, ಪಟ್ಟಿಯಲ್ಲಿ ಹೆಸರು ಹುಡುಕಿ, ಏಜೆಂಟರಿಗೆ ಕೇಳಿಸುವಂತೆ ಕ್ರಮಸಂಖ್ಯೆ ಮತ್ತು ಹೆಸರನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ.

ಆ ದಿನವಿಡೀ ನನಗೆ ಆತಂಕವಾಗಲಿಲ್ಲ. ಪುರುಸೊತ್ತು ಇರಲಿಲ್ಲ ಎನ್ನುವುದಷ್ಟೇ ಕಾರಣವಲ್ಲ. ಹೆಸರು ಓದಿದಾಗ ಎದುರಿಗಿದ್ದವರು ತುಸು ನೆಟ್ಟಗೆ ನಿಲ್ಲುತ್ತಿದ್ದರು. ಮನೆಯಲ್ಲಿ ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಕರೆಸಿಕೊಳ್ಳುವ ಮುದುಕಿಯರ ಹೆಸರುಗಳು ನಾಲ್ಕು ಜನರ ನಡುವೆ ಗಟ್ಟಿಯಾಗಿ ಕೇಳಿಸಿದವು. ಮೊದಲ ಮಹಾಚುನಾವಣೆಯ ಹೊತ್ತಿಗೆ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದಿದ್ದರು. ತಮ್ಮ ಸ್ವಂತ ಹೆಸರು ಹೇಳದೆ ಗಂಡನ, ತಂದೆಯ ಹೆಸರಿನಿಂದ ಗುರುತಿಸಿಕೊಂಡದ್ದೇ ಕಾರಣ. ಅಲ್ಲಿಂದ ಇಲ್ಲಿಗೆ ಎಷ್ಟು ಜನ ಎಷ್ಟು ಮನೆಗಳ ಕಟ್ಟೆಯ ಮೇಲೆ ಕುಳಿತು ಹೆಸರು ಕೇಳಿ ಬರೆದುಕೊಂಡಿರಬೇಕು!

ಮಧ್ಯಾಹ್ನ ಎರಡರ ಹೊತ್ತಿಗೆ ಯುವಕನೊಬ್ಬ ಬಂದ. ಮುಂಬೈಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದ. ಕೈಯಲ್ಲಿ ಮತದಾರರ ಗುರುತಿನ ಚೀಟಿ ಇತ್ತು, ಪಟ್ಟಿಯಲ್ಲಿ ಹೆಸರು ಇರಲಿಲ್ಲ. ಹಾಳೆಗಳನ್ನು ಮತ್ತೆ ಮತ್ತೆ ತಿರುವಿದೆ. ಅವನ ತಂದೆ ಇದ್ದರು, ತಾಯಿ ಇದ್ದರು, ತಮ್ಮನಿದ್ದ. ಚೀಟಿ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದೆ ಮತ ಹಾಕಲು ಬಿಡುವಂತಿಲ್ಲ. ಅವನು ಜಗಳ ಮಾಡುತ್ತಾನೆಂದುಕೊಂಡೆವು, ಮಾಡಲಿಲ್ಲ. "ಹೋಗಲಿ ಬಿಡಿ ಮೇಡಂ" ಎಂದು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬಿಸಿಲಿಗೆ ಇಳಿದ. ಯಾವ ಭಾಷಣವೂ ನನ್ನನ್ನು ಅಷ್ಟು ನೋಯಿಸಿರಲಿಲ್ಲ. ನಾನು ನನ್ನ ಮತವನ್ನು ಚುನಾವಣಾ ಕರ್ತವ್ಯದ ಪ್ರಮಾಣಪತ್ರ ತೋರಿಸಿ ಅದೇ ಮತಗಟ್ಟೆಯಲ್ಲಿ ಹಾಕಿದೆ.

ಆಮೇಲಿನದೇ ಆ ನಾಲ್ಕು ವಾರ. ಮಾಡಲು ಕೆಲಸವಿಲ್ಲದಾಗ ಆತಂಕ ತಿರುಗಿ ಬಂತು. ಮೊಬೈಲನ್ನು ರಾತ್ರಿ ಅಡುಗೆಮನೆಯ ಕಪಾಟಿನಲ್ಲಿಡುವುದು, ನಸುಕಿನಲ್ಲಿ ಊರಿನ 'ಅಪ್ಪನ ಕೆರೆ'ಯ ಸುತ್ತ ನಡೆಯುವುದು, ಎಲ್ಲವನ್ನೂ ಮಾಡಿದೆ. ಸ್ವಲ್ಪ ಸ್ವಲ್ಪ ಉಪಯೋಗವಾಯಿತು. ಹೆಚ್ಚು ಉಪಯೋಗವಾದದ್ದು ಜೂನ್ ಒಂದರ ಸಂಜೆಯನ್ನು ಬಿಟ್ಟುಬಿಟ್ಟದ್ದು. ಕೊನೆಯ ಹಂತ ಮುಗಿಯುತ್ತಿದ್ದಂತೆ ಮತಗಟ್ಟೆ ಸಮೀಕ್ಷೆಗಳು ಬಂದವು. ಟಿವಿ ಹಾಕಲಿಲ್ಲ. ಆ ಮೂರು ದಿನ ನಮ್ಮ ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೆಲವರು ಗೆದ್ದೇಬಿಟ್ಟಿದ್ದರು, ಕೆಲವರು ಎಲ್ಲ ಮುಗಿಯಿತೆಂದು ಕೈಚೆಲ್ಲಿದ್ದರು. ಎಣಿಕೆಯಾದಾಗ ದೊಡ್ಡ ಪಕ್ಷಕ್ಕೆ 240 ಸ್ಥಾನ, ಯಾವ ಪಕ್ಷಕ್ಕೂ ಒಂಟಿಯಾಗಿ ಬಹುಮತವಿಲ್ಲ. ಹೆಚ್ಚಿನ ಸಮೀಕ್ಷೆಗಳು ಹೇಳಿದ್ದೇ ಬೇರೆ. ನಮ್ಮ ಕ್ಷೇತ್ರದಲ್ಲಿ 2019ರಲ್ಲಿ 95 ಸಾವಿರಕ್ಕೂ ಮಿಕ್ಕಿದ್ದ ಅಂತರ ಈ ಬಾರಿ ಎದುರು ಪಕ್ಷದ ಕಡೆಗೆ 27 ಸಾವಿರವಾಗಿ ತಿರುಗಿತು. ಯಾರದೋ ಅಂದಾಜಿಗೆ ಹೆದರಿ ಅಥವಾ ಸೋತು ಮೂರು ದಿನ ಬದುಕುವುದು ನನಗೆ ಅನ್ಯಾಯವೆನಿಸುತ್ತದೆ. ಜನ ಹಾಕಿದ ಮತ ಇನ್ನೂ ಮೊಹರಿನೊಳಗೆ ಇರುವಾಗ ಅದನ್ನು ಅವರ ಪರವಾಗಿ ನಾವು ಓದಬಾರದು.

ಫಲಿತಾಂಶ ಬಂದ ಮೇಲೂ ನನ್ನ ಭಯವೆಲ್ಲ ಹೋಗಿಲ್ಲ. ಆ ಹುಡುಗ ಎಂಟನೆಯ ತರಗತಿಗೆ ಹೈಸ್ಕೂಲಿಗೆ ಹೋಗಿದ್ದಾನೆ, ಅವನ ವರ್ಗಾವಣೆ ಪತ್ರವನ್ನು ನಾನೇ ಬರೆದೆ. ಅವನಿಗೆ ಕೊಟ್ಟ ಮಾತು ಹಾಗೆಯೇ ಇದೆ.

ಈಗ ನಮ್ಮ ಓಣಿಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಜೊತೆ ಕುಳಿತು ಮತದಾರರ ಪಟ್ಟಿ ನೋಡುತ್ತಿದ್ದೇನೆ. ಹದಿನೆಂಟು ತುಂಬಿದೆಯೇ ಎಂದು ಲೆಕ್ಕ ಹಾಕಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ. ಹದಿನೇಳು ತುಂಬಿದವರು ಹೆಸರು ಸೇರಿಸಲು ಮುಂಚಿತವಾಗಿಯೇ ನಮೂನೆ 6 ಕೊಡಬಹುದು. ಇದು ಗೊತ್ತಿಲ್ಲದ ಮನೆಗಳೇ ಹೆಚ್ಚು. ಮುಂಬೈಯಿಂದ ಬಂದವನ ವಿಷಯವನ್ನು ಆ ಊರಿನ ಬಿಎಲ್‌ಒಗೆ ಅಂದೇ ಸಂಜೆ ಹೇಳಿ ಬಂದಿದ್ದೆ. ಮೊನ್ನೆ ಮತ್ತೆ ಫೋನ್ ಮಾಡಿ ನೆನಪಿಸಿದೆ. ರೊಟ್ಟಿಯವಳ ಸೊಸೆ ಮದುವೆಯಾಗಿ ಬಂದು ಎರಡು ವರ್ಷವಾದರೂ ಹೆಸರು ಇನ್ನೂ ಆಳಂದ ಕಡೆಯ ತವರಿನ ಪಟ್ಟಿಯಲ್ಲೇ ಇದೆ. ವಿಳಾಸ ಬದಲಾವಣೆಗೆ ನಮೂನೆ 8 ಬೇಕು. ಗುರುತಿನ ಚೀಟಿ ತವರಿನಲ್ಲಿದೆಯಂತೆ. ಕಾರಹುಣ್ಣಿಮೆಗೆ ಹೋದಾಗ ತರುತ್ತೇನೆ ಎಂದಿದ್ದಾಳೆ.