‘ಅಕ್ಕ’ ಎಂದು ಹುಡುಕಿದರೆ ಅಕ್ಕಿ ಸಿಗುತ್ತಿತ್ತು

ಗಂಗಾವತಿಯ ನಮ್ಮ ಮನೆಯಲ್ಲಿ ಮೂರು ವಾರ ನನ್ನ ತನಿಖಾ ಆಟವನ್ನು ಮುಂದಕ್ಕೆ ಬಿಡದಿದ್ದ ದೋಷ ನಿನ್ನೆ ರಾತ್ರಿ ಸರಿಹೋಯಿತು. ಮೆನು, ದೃಶ್ಯಗಳು ಆಟ ಕಟ್ಟುವ ತಂತ್ರಾಂಶವಾದ ಗೊಡೋದಲ್ಲಿ ಎಂದಿನಂತೆ ಮುಗಿದಿರುವುದರಿಂದ ಇಲ್ಲಿ ಹುಡುಕಾಟದ ವಿಷಯವನ್ನಷ್ಟೇ ಬರೆಯುತ್ತೇನೆ.

ಕಥೆ ಅಕ್ಕಿ ಗಿರಣಿಯೊಂದರದು. ಗುಮಾಸ್ತನೊಬ್ಬ ಕಾಣೆಯಾಗಿದ್ದಾನೆ, ಹಮಾಲರು, ಲಾರಿ ಚಾಲಕರು, ಅವನ ಅಕ್ಕ ಮೊದಲಾದವರ 64 ಹೇಳಿಕೆಗಳಿವೆ. ಆಟಗಾರರು ಟೈಪ್ ಮಾಡಿದ ಪದವಿರುವ ಹೇಳಿಕೆಗಳಲ್ಲಿ ಮೊದಲ ಐದು ಮಾತ್ರ ತೆರೆದುಕೊಳ್ಳುತ್ತವೆ. ಈ ಮಿತಿಯನ್ನು ನಾನು 2015ರ ‘ಹರ್ ಸ್ಟೋರಿ’ ಎಂಬ ಕಂಪ್ಯೂಟರ್ ಆಟದಿಂದ ಕಲಿತೆ. 2011ರ ಇನ್ನೊಂದು ತನಿಖಾ ಆಟ ‘ಎಲ್.ಎ. ನ್ವಾರ್’ನಲ್ಲಿ ಸಣ್ಣ ಅನುಮಾನವೆಂದು ಗುಂಡಿ ಒತ್ತಿದರೆ ನಾಯಕ ಸಾಕ್ಷಿಯ ಮೇಲೆ ಅಬ್ಬರಿಸುತ್ತಿದ್ದ. ನಾನು ಯೋಚಿಸಿದ್ದೇ ಬೇರೆ, ಅವನು ಆಡಿದ್ದೇ ಬೇರೆ. 2018ರ ‘ರಿಟರ್ನ್ ಆಫ್ ದಿ ಒಬ್ರಾ ಡಿನ್’ 60 ಜನರ ಗತಿಯನ್ನು ಪತ್ತೆ ಹಚ್ಚಲು ಹೇಳಿ, ಮೂವರದು ಸರಿಯಾದಾಗ ಮಾತ್ರ ಒಪ್ಪುವುದರಿಂದ ಅಲ್ಲಿ ಬರೀ ಊಹೆ ನಡೆಯುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯೇ ಆಟಗಾರರ ತಲೆಯಲ್ಲಿ ಹುಟ್ಟುವುದು ಪದ ಹುಡುಕುವ ಆಟದಲ್ಲಿ. ನನಗೆ ಅದಕ್ಕಿಂತ ದೊಡ್ಡ ಸುಖವಿಲ್ಲ.

ಕನ್ನಡದಲ್ಲಿ ತೊಡಕು ಶುರುವಾಗುವುದು ವಿಭಕ್ತಿಯಿಂದ. ‘ಗೋದಾಮು’ ಎಂದು ಹುಡುಕಿದರೆ ‘ಗೋದಾಮಿನ’, ‘ಗೋದಾಮಿಗೆ’ ಎಂದಿರುವ ಹೇಳಿಕೆಗಳು ಸಿಗುತ್ತಿರಲಿಲ್ಲ. ಆದ್ದರಿಂದ ಕೊನೆಯ ಕೊಂಬನ್ನು ತೆಗೆದು, ಉಳಿದ ಅಕ್ಷರಗಳಿಂದ ಆರಂಭವಾಗುವ ಪದಗಳನ್ನೆಲ್ಲ ಹಿಡಿಯುವಂತೆ ಬರೆದೆ. ಗೋದಾಮು ಸಿಕ್ಕಿತು. ‘ಕಾಲು’ ಎಂದರೆ ಕಾಲುವೆಯೂ, ‘ಮರ’ ಎಂದರೆ ಮರಳೂ ಮರಣವೂ ಬಂದವು.

ಆಡಿ ನೋಡುತ್ತಿದ್ದ ತಂಗಿ, “ಅಣ್ಣಾ, ನಾ ಅಕ್ಕನ ಬಗ್ಗೆ ಕೇಳಾಕತ್ತೀನಿ, ಇದು ಬರೇ ಅಕ್ಕಿ ತೋರಸಾಕತ್ತೈತಿ” ಎಂದಾಗಲೇ ಕಾರಣ ಹೊಳೆಯಿತು. ಕಂಪ್ಯೂಟರಿನ ಲೆಕ್ಕದಲ್ಲಿ ‘ಅಕ್ಕಿ’ ಎಂದರೆ ‘ಅಕ್ಕ’ದ ಮುಂದೆ ಒಂದು ಗುಡಿಸು, ಅಷ್ಟೇ. ಗಿರಣಿಯ ಕಥೆಯಲ್ಲಿ ಅಕ್ಕಿಯಿಲ್ಲದ ಹೇಳಿಕೆ ವಿರಳವಾದ್ದರಿಂದ ಮೊದಲ ಐದೂ ಅದರಲ್ಲೇ ತುಂಬಿಹೋಗಿ, ಇಡೀ ಪ್ರಕರಣದ ಗಂಟು ಬಿಚ್ಚುವ ಅಕ್ಕನ 41ನೆಯ ಹೇಳಿಕೆ ಎಂದೂ ಮೇಲೆ ಬರುತ್ತಿರಲಿಲ್ಲ.

ಅಡ್ಡದಾರಿ ಬಿಟ್ಟು, ಪ್ರತಿ ಹೇಳಿಕೆಯ ಮೂಲಪದಗಳನ್ನೂ ಅವುಗಳ ವಿಭಕ್ತಿರೂಪಗಳನ್ನೂ ಕೈಯಾರೆ ಪಟ್ಟಿ ಮಾಡಿದೆ. ಒಟ್ಟು 212 ಪದಗಳು, ಹನ್ನೊಂದು ಸಂಜೆಗಳು. ನಿನ್ನೆ ತಂಗಿ ‘ಅಕ್ಕನಿಗೆ’ ಎಂದು ಬರೆದಳು, 41ನೆಯದು ಬಂತು; ಅದನ್ನೋದಿ ಯಾರೂ ಹೇಳದೆಯೇ ‘ಗೋದಾಮು’ ಎಂದು ಬರೆದಳು. ಆ ಕ್ಷಣಕ್ಕಾಗಿಯೇ ನಾನು ಈ ಆಟ ಕಟ್ಟುತ್ತಿದ್ದೇನೆ.

ಹೇಳಿಕೆಗಳಿಗೆ ದನಿ ಕೊಡಿಸುವ ಕೆಲಸ ಮಾತ್ರ ನಿಂತಿದೆ. ಮೈಕ್ ಮಾರಿದವರು ಎರಡು ಸಲ ಬದಲಿಸಿ ಕೊಟ್ಟರೂ ಅದೇ ಗುಂಯ್ ಸದ್ದು. ಮೂರನೆಯ ಸಲ ಫೋನನ್ನೇ ಎತ್ತಲಿಲ್ಲ. ದನಿ ಕೊಡಲು ಒಪ್ಪಿದ್ದ ಹಮಾಲರು ಒಂದು ದಿನದ ಕೂಲಿ ಬಿಟ್ಟು ಬಂದು ಹಿಂದಿರುಗಿದ್ದು ನನಗೆ ಇನ್ನೂ ನೋವು.

ಈ ಪಟ್ಟಿ ಮಾಡುತ್ತಿರುವಾಗಲೇ ಮುಂದಿನ ಆಟವೂ ಕಣ್ಣಿಗೆ ಕಟ್ಟಿತು: ರಾಯಚೂರು ಜಿಲ್ಲೆಯ ಮಸ್ಕಿ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡ ಅಲ್ಲಿನ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೇ ಅಶೋಕನ ಹೆಸರಿದೆ. ಎರಡು ಹೆಸರು, ಒಬ್ಬನೇ ದೊರೆ. ತನಿಖೆಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕೇ?

ಅದಕ್ಕೂ ಮೊದಲು ‘ಕೀಲಿ’ಯನ್ನು ಸರಿಪಡಿಸಬೇಕು. ನಮ್ಮಲ್ಲಿ ಬಾಗಿಲಿಗೆ ಹಾಕುವುದು ಕೀಲಿ, ಮೈಸೂರಿನ ಕಡೆಯವರು ‘ಬೀಗ’ ಎಂದು ಹುಡುಕುತ್ತಾರೆ. ಇಬ್ಬರಿಗೂ 17ನೆಯ ಹೇಳಿಕೆಯೇ ಸಿಗಬೇಕು.